ಸಾಸಿವೆ ಡಬ್ಬಿಯಲ್ಲಿ ಸಿಕ್ಕ ಕವಿತೆ

ಶಿರಸಿಯಿಂದ ಬಂದ ಒಂದು ಪತ್ರ ಓದಿ ನನಗೆ ನಗುವೂ ಬಂತು, ಮೈಯೂ ಉರಿಯಿತು. ಮದುವೆಯಾಗಿ ಮೂರು ವರ್ಷ. ಗಂಡ ಕಾರವಾರದಲ್ಲಿ ಗಣಿತದ ಮೇಷ್ಟ್ರು; ಶನಿವಾರ ರಾತ್ರಿ ಬಂದು ಸೋಮವಾರ ನಸುಕಿಗೆ ಹೊರಡುತ್ತಾರೆ. ಇವಳು ಅತ್ತೆ, ಓರಗಿತ್ತಿ, ಅಡಿಕೆ ತೋಟ ಅಂತ ಊರಲ್ಲಿ. ಈಗ ಅವರು ಬರೆದ ಕವಿತೆಯೊಂದು ಸಿಕ್ಕಿದೆ:

ವಾರ ವಾರವೂ ಅರ್ಧ ದೂರ ಸವೆಸುತ್ತೇನೆ,
ಉಳಿದುದರಲ್ಲಿ ಅರ್ಧ, ಅದರಲ್ಲೂ ಅರ್ಧ,
ಸೊನ್ನೆಯಾಗದು ದೂರ.
ನಾನು 220, ನೀನು 284.

"ನಾವು ಎಂದೂ ಒಂದಾಗುವುದಿಲ್ಲ ಅಂತಲಾ ಅಕ್ಕಾ?" ಎನ್ನುವುದು ಪ್ರಶ್ನೆ. ಬಿ.ಕಾಂ. ಓದಿದ ಓರಗಿತ್ತಿಯಂತೂ 284 ಯಾವಳದೋ ಸ್ಕೂಟಿ ನಂಬರ್ ಎಂದುಬಿಟ್ಟಿದ್ದಾಳೆ.

ತಂಗೀ, ಮುಖ್ಯ ಮಾತನ್ನು ನೀನು ಅರ್ಧ ಸಾಲಿನಲ್ಲಿ ಮುಗಿಸಿದ್ದೀಯ: "ಸೋಮವಾರ ಅಡುಗೆ ನನ್ನ ಪಾಳಿ, ತಂಬುಳಿಗೆ ಒಗ್ಗರಣೆ ಹಾಕಲು ಸಾಸಿವೆ ಡಬ್ಬಿ ತೆಗೆದಾಗ ಸಿಕ್ಕಿತು." ಯಾವ ಗಂಡಸು ಸುಮ್ಮನೆ ಸಾಸಿವೆ ಡಬ್ಬಿಗೆ ಕೈ ಹಾಕುತ್ತಾನೆ ಹೇಳು? ನಿನ್ನ ಪಾಳಿ ಯಾವತ್ತು ಅಂತ ನೆನಪಿಟ್ಟು, ನಸುಕಿನಲ್ಲಿ ಬಸ್ಸಿಗೆ ಹೊರಡುವ ಮುಂಚೆ ಸದ್ದಾಗದಂತೆ ಮುಚ್ಚಳ ತೆಗೆದು ಇಟ್ಟು ಹೋಗಿದ್ದಾರೆ. ಅದು ನಿನಗೇ ಬರೆದ ಕಾಗದ.

ಇನ್ನು ಲೆಕ್ಕ. 284ನ್ನು ನಿಃಶೇಷವಾಗಿ ಭಾಗಿಸುವ ಚಿಕ್ಕ ಸಂಖ್ಯೆಗಳು 1, 2, 4, 71, 142. ಕೂಡಿಸು, 220 ಬರುತ್ತದೆ. 220ರ ಭಾಜಕಗಳನ್ನು ಹಾಗೇ ಕೂಡಿಸಿದರೆ 284. ಒಂದರ ಚೂರುಗಳನ್ನೆಲ್ಲ ಸೇರಿಸಿದರೆ ಇನ್ನೊಂದು! ಇವಕ್ಕೆ ಸ್ನೇಹ ಸಂಖ್ಯೆಗಳು ಅಂತಲೇ ಹೆಸರು. ಆ ದೂರದ ಮಾತೂ ಅಷ್ಟೇ. ಯಾವ ಹೆಜ್ಜೆಯಲ್ಲಿ ನಿಂತು ನೋಡಿದರೂ ಚೂರು ಉಳಿದಿರುತ್ತದೆ, ನಿಜ. ಆದರೆ ಅರ್ಧ, ಕಾಲು, ಅರೆಕಾಲು, ವೀಸ ಅಂತ ಕೊನೆಯಿಲ್ಲದೆ ಕೂಡುತ್ತ ಹೋದರೆ ಮೊತ್ತ ಸರಿಯಾಗಿ ಒಂದು. ಗಣಿತದ ಮೇಷ್ಟ್ರಿಗೆ ಇದು ಗೊತ್ತಿಲ್ಲದೆ ಇರುತ್ತದಾ? ಗೊತ್ತಿದ್ದೂ "ಸೊನ್ನೆಯಾಗದು" ಅಂದರೆ ಅದು ತೀರ್ಪಲ್ಲ, ಭಾನುವಾರ ಸಾಲದವನ ಗೋಳು.

ಲೆಕ್ಕದಲ್ಲಿ ಪ್ರೀತಿ ಹೇಳುವುದು ಹೊಸತೇನಲ್ಲ. 1150ರ ಸುಮಾರಿಗೆ ಭಾಸ್ಕರಾಚಾರ್ಯರು ಬರೆದ ಲೀಲಾವತಿಯಲ್ಲಿ 72 ದುಂಬಿಗಳ ಲೆಕ್ಕವಿದೆ. ಎಪ್ಪತ್ತು ಹಾರಿಹೋಗುತ್ತವೆ. ಉಳಿದ ಎರಡರಲ್ಲಿ ಗಂಡು ರಾತ್ರಿ ತಾವರೆಯೊಳಗೆ ಸಿಕ್ಕಿಬಿದ್ದು ಗುಂಯ್ಗುಡುತ್ತದೆ, ಹೆಣ್ಣು ಹೊರಗಿನಿಂದ ಮರುದನಿ ಕೊಡುತ್ತದೆ. ನೀನು ಮರುದನಿ ಕೊಡುವುದು ಬಿಟ್ಟು ಓರಗಿತ್ತಿಯ ಹತ್ತಿರ ಹೋದೆ!

ನನಗೆ ಸಿಟ್ಟಿರುವುದು ಅವಳ ಮೇಲೆ. ಗಂಡ ಹೆಂಡಿರ ಕಾಗದಕ್ಕೆ ಮೂರನೆಯವರು ಅರ್ಥ ಹೇಳಬಾರದು ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ ನಾನು! ನಿನ್ನ ಮೇಷ್ಟ್ರೂ ಕಡಿಮೆಯವರಲ್ಲ ಬಿಡು, ಮೂರು ವರ್ಷ ಬಾಯಿಬಿಟ್ಟು ಹೇಳಲಾರದ್ದನ್ನು ಸಾಸಿವೆಯಲ್ಲಿ ಹೂತಿಟ್ಟಿದ್ದಾರೆ. ಆದರೂ ಬರೆದರಲ್ಲ.

ನೀನು ಮಾಡಬೇಕಾದ್ದು ಒಂದೇ. ಬರುವ ಶನಿವಾರ ಮಧ್ಯಾಹ್ನ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗು. ಕಾರವಾರಕ್ಕೂ ಶಿರಸಿಗೂ ಹೆಚ್ಚುಕಡಿಮೆ ನಡುವೆ ಇರುವ ಊರು ಅದು. ಅವರ ಬಸ್ಸು ಬರುವ ಹೊತ್ತಿಗೆ ನಿಲ್ದಾಣದಲ್ಲಿ ನಿಂತಿರು. ಅತ್ತೆಗೆ ಹೇಳಿ ಹೋಗು, ಓರಗಿತ್ತಿಗೆ ಬೇಡ. ಆ ಹಾಳೆ ಕೈಯಲ್ಲಿರಲಿ, ಸಾಸಿವೆ ಕೊಡವಿಕೊಂಡು.