12 ತಂಡ, 27 ಪಂದ್ಯ: ಇದೆಂಥ ಲೆಕ್ಕ?

ಪ್ರಶ್ನೆ: ನಾನು ಕಬಡ್ಡಿ ಆಡಿ ಬೆಳೆದವನು. ಈಗ ಮಗನ ಮೊಬೈಲಲ್ಲಿ ಇಂಗ್ಲೆಂಡಿನ ರಗ್ಬಿ ಲೀಗ್ ನೋಡಿ ರುಚಿ ಹತ್ತಿದೆ. ಅವರ ಸೂಪರ್ ಲೀಗ್‌ನಲ್ಲಿ 2025ರವರೆಗೆ 12 ತಂಡ, ಆದರೆ ಒಂದೊಂದು ತಂಡಕ್ಕೆ 27 ಪಂದ್ಯ! ತವರಲ್ಲೊಂದು, ಹೊರಗೊಂದು ಅಂದರೂ 22 ತಾನೇ? ಇದನ್ನ ಸರಿ ಮಾಡೋಕೆ ಆಗಲ್ವಾ?
– ಓದುಗರು, ಸಿಂಧನೂರು

ಉತ್ತರ: ನಿಮ್ಮ ಲೆಕ್ಕ ಸರಿ ಇದೆ, ಡೊಂಕಾಗಿದ್ದದ್ದು ಅವರದ್ದೇ. ಉಳಿದ 5ರಲ್ಲಿ ಒಂದು ಮ್ಯಾಜಿಕ್ ವೀಕೆಂಡ್. ಎಲ್ಲ ತಂಡಗಳೂ ಒಂದೇ ಮೈದಾನಕ್ಕೆ ಬಂದು ಆಡುತ್ತವೆ, ಒಂಥರಾ ಜಾತ್ರೆ, ಅದು ಇರಲಿ. ಇನ್ನು 4 ಪಂದ್ಯ ಮತ್ತೆ ಅವೇ ತಂಡಗಳ ಮೇಲೆ. ಇದಕ್ಕೆ ಲೂಪ್ ಪಂದ್ಯ ಅಂತಾರೆ. ಒಬ್ಬರಿಗೆ ಮೂರನೇ ಸಲವೂ ಕೊನೇ ಸ್ಥಾನದ ತಂಡ ಸಿಗುತ್ತೆ, ಇನ್ನೊಬ್ಬರಿಗೆ ಚಾಂಪಿಯನ್. ನಿಮ್ಮೂರಿನ ಕಬಡ್ಡಿ ಟೂರ್ನಿಯಲ್ಲಿ ಹೀಗೆ ಮಾಡಿದರೆ ಅಂಕಣಕ್ಕೆ ಸುಣ್ಣದ ಗೆರೆ ಎಳೆಯೋ ಮೊದಲೇ ಜಗಳ, ಅಲ್ವಾ? ಆದರೂ ಬಿಡಲಿಲ್ಲ ಯಾಕಂದ್ರೆ ತವರಲ್ಲಿ ಒಂದೆರಡು ಪಂದ್ಯ ಜಾಸ್ತಿ ಆದರೆ ಟಿಕೆಟ್ ದುಡ್ಡೂ ಅಷ್ಟು ಜಾಸ್ತಿ.

2015ರಿಂದ 2018ರವರೆಗೆ ಬೇರೆ ದಾರಿ ನೋಡಿದರು. 23 ಪಂದ್ಯ ಆದ ಮೇಲೆ ಮೇಲಿನ 8 ತಂಡ ಒಂದು ಗುಂಪು, ಕೆಳಗಿನ 4 ತಂಡ ಎರಡನೇ ದರ್ಜೆಯ ಮೊದಲ 4 ತಂಡಗಳ ಜೊತೆ ಇನ್ನೊಂದು ಗುಂಪು, ಆ ಗುಂಪಿನ 4ನೇ ಮತ್ತು 5ನೇ ತಂಡಗಳಿಗೆ ಕೊನೆಗೊಂದು 'ಮಿಲಿಯನ್ ಪೌಂಡ್' ಪಂದ್ಯ: ಗೆದ್ದವರಿಗೆ ಸೂಪರ್ ಲೀಗ್, ಸೋತವರಿಗೆ ಎರಡನೇ ದರ್ಜೆ. 2015ರಲ್ಲಿ ಮೂರು ಕಪ್ ಗೆದ್ದ ಲೀಡ್ಸ್ ಮರುವರ್ಷವೇ ಕೆಳಗಿನ ಗುಂಪಿಗೆ ಬಿತ್ತು. ಅದೇ ವರ್ಷ ಆ ಮಿಲಿಯನ್ ಪೌಂಡ್ ಪಂದ್ಯದಲ್ಲಿ ಹಲ್ ಕೆಆರ್ ತಂಡ ಸಾಲ್ಫರ್ಡ್ ತಂಡದ ಎದುರು 18-19ರಲ್ಲಿ, ಬರೀ ಒಂದು ಅಂಕದಲ್ಲಿ ಸೋತು ಕೆಳಗಿಳಿಯಿತು. ನೋಡೋರಿಗೇನೋ ಮಜಾ. ಆದರೆ ಮುಂದಿನ ವರ್ಷ ಯಾವ ದರ್ಜೆ ಅಂತ ಸೀಸನ್ ಮುಗಿಯೋವರೆಗೂ ಗೊತ್ತಿಲ್ಲದ ಕ್ಲಬ್ಬಿನವರು ಆಟಗಾರರಿಗೆ ಯಾವ ಧೈರ್ಯದ ಮೇಲೆ ಸಂಬಳ ಮಾತಾಡಬೇಕು?

2026ಕ್ಕೆ ತಂಡಗಳು 14 ಆದವು. 13 ಎದುರಾಳಿ, ಎರಡೆರಡು ಸಲ ಅಂದರೆ 26, ಮ್ಯಾಜಿಕ್ ಸೇರಿ 27. ಪಂದ್ಯ ಮೊದಲಿನಷ್ಟೇ, ಲೂಪ್ ಬೇಕಿಲ್ಲ. ನಾನಂತೂ ಇದಕ್ಕೇ ಓಟು ಹಾಕುತ್ತೇನೆ. ಮೈಗೆ ಮಾತ್ರ ವಿಶ್ರಾಂತಿ ಸಿಗಲಿಲ್ಲ. ಪ್ರತಿ ವಾರ ಡಿಕ್ಕಿ ಹೊಡೆಯೋ ಆಟ, ಆ ನೋವು ನಿಮ್ಮ ಮೊಣಕಾಲಿಗೆ ಗೊತ್ತು.

ಪ್ರಶ್ನೆ: ಈ ಸೂಪರ್ ಲೀಗ್ ರಗ್ಬಿಯನ್ನು ಬೇಸಿಗೆಯಲ್ಲಿ ಆಡುತ್ತಾರಂತೆ, ಹೌದಾ?
– ಓದುಗರು, ರಾಯಚೂರು

ಉತ್ತರ: ಹೌದು, 1996ರಿಂದ. ಮೊದಲು ಚಳಿಗಾಲದ ಕೆಸರಲ್ಲಿ ಆಡುತ್ತಿದ್ದರು. ಅವರ ಬೇಸಿಗೆ ನೋಡಿ ಆಸೆಪಡಬೇಡಿ. ನಿಮ್ಮೂರಲ್ಲಿ ಮೇ ತಿಂಗಳ ಮಧ್ಯಾಹ್ನ ಆಡಿಸಿದರೆ ಆಟಗಾರರಿರಲಿ, ರೆಫ್ರಿಯೂ ಬರಲ್ಲ.