ಪತ್ತಾಯದಲ್ಲಿ ಪ್ಲಾಸ್ಟಿಕ್ ಕುರ್ಚಿ

(ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ಬರ ಪತ್ರದ ಸಾರ: ನಾಲ್ಕು ಎಕರೆ ರೋಬಸ್ಟಾ ಕಾಫಿ ತೋಟ, ಒಂದು ಎಕರೆ ಗದ್ದೆ. ಗದ್ದೆ ಆರು ವರ್ಷದಿಂದ ಪಾಳು. ಮನೆಯಲ್ಲಿ ಐದು ಜನ, ಕೊಟ್ಟಿಗೆಯಲ್ಲಿ ಎರಡು ಹಸು. ಕಾಫಿಗೆ ಸಿಕ್ಕಿದ ಒಳ್ಳೆಯ ರೇಟು ಬಿದ್ದರೆ ಏನು ಗತಿ ಎಂಬ ಭಯ. ಯಜಮಾನರು ಗದ್ದೆಯನ್ನು ಶುಂಠಿಗೆ ಕೊಡೋಣ ಅನ್ನುತ್ತಾರೆ. ಅಂಗಡಿಗೆ ಹೋಗದೆ ಬದುಕುವ ಹಾಗೆ ಮನೆಯನ್ನು ಸಜ್ಜು ಮಾಡುವುದು ಹೇಗೆ?)

ಅಕ್ಕಾ, ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಕೊನೆಯ ಸಾಲು. 'ಅತ್ತೆಯವರ ಕಾಲದ ಪತ್ತಾಯದಲ್ಲಿ ಈಗ ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದೇವೆ' ಎಂದು ಬರೆದಿದ್ದೀರಿ. ಭತ್ತ ತುಂಬಿಡುವ ಕಣಜಕ್ಕೆ ಬಂದ ಗತಿ ಇದು. ನಮ್ಮ ಮನೆಯದ್ದೂ ಅದೇ ಕಥೆ. ನಮ್ಮದರಲ್ಲಿ ಕೆಟ್ಟ ಸ್ಪ್ರೇ ಪಂಪು, ಹರಿದ ಟಾರ್ಪಾಲು.

ಅಂಗಡಿಗೆ ಹೋಗದೆ ಬದುಕುವುದು ಕೊಡಗಿನಲ್ಲಿ ಹಿಂದೆಯೂ ಇರಲಿಲ್ಲ. ಉಪ್ಪು, ಒಣಮೀನು, ಬಟ್ಟೆ ಹೊರಗಿನಿಂದಲೇ ಬರಬೇಕಿತ್ತು. ಹಿರಿಯರು ಮಳೆ ಹಿಡಿಯುವ ಮೊದಲು ತಂದು ಇಟ್ಟುಕೊಳ್ಳುತ್ತಿದ್ದರು, ಅಷ್ಟೇ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸುತ್ತೇನೆ. ಮಳೆ ಶುರುವಾದಲ್ಲಿಂದ ಮುಂದಿನ ಕಾಫಿ ಹಣ ಬರುವ ತನಕ ಸಾಲ ಮಾಡದೆ ನಿಮ್ಮ ಮನೆ ನಡೆಯುತ್ತದಾ? ರೋಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್. ಅದರ ಹಿಂದೆಯೇ ಕಾಳುಮೆಣಸು. ಅಲ್ಲಿಗೆ ವರ್ಷದ ಸಂಪಾದನೆ ಮುಗಿಯಿತು. ಜೂನ್‌ನಲ್ಲಿ ಶಾಲೆ ಫೀಸು, ಗೊಬ್ಬರ, ಕೂಲಿ. ಜುಲೈ–ಆಗಸ್ಟ್‌ನ ಜೋರು ಮಳೆಯ ಕಕ್ಕಡ ತಿಂಗಳು ಬರುವಷ್ಟರಲ್ಲಿ ಕೈ ಖಾಲಿ.

ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. 1996ರಲ್ಲಿ ಕಾಫಿ ಬೋರ್ಡಿನ ಪೂಲಿಂಗ್, ಅಂದರೆ ಬೆಳೆಗಾರರ ಕಾಫಿಯನ್ನು ಬೋರ್ಡೇ ತೆಗೆದುಕೊಂಡು ಮಾರುವ ಪದ್ಧತಿ, ಪೂರ್ತಿ ನಿಂತು, ನಮ್ಮ ಕಾಫಿಯನ್ನು ನಾವೇ ಮಾರುವ ಹಾಗಾಯಿತು. ಒಳ್ಳೆಯ ರೇಟು ಸಿಕ್ಕಿತು, ಮನೆಗೆ ಜೀಪು ಬಂತು. 2000 ದಾಟಿದ ಮೇಲೆ ಪ್ರಪಂಚದಲ್ಲೆಲ್ಲ ಕಾಫಿ ಜಾಸ್ತಿಯಾಗಿ ರೇಟು ನೆಲ ಕಚ್ಚಿತು. ಅಪ್ಪ ಸೆಪ್ಟೆಂಬರ್‌ನಲ್ಲೇ ಒಬ್ಬ ವ್ಯಾಪಾರಿಯ ಹತ್ತಿರ ಅಡ್ವಾನ್ಸ್ ತಂದರು. ಗಿಡದಲ್ಲಿ ಇನ್ನೂ ಹಸಿರು ಕಾಯಿ. ಕೊಯ್ಲಾದ ಮೇಲೆ ಅವರು ಹೇಳಿದ್ದೇ ರೇಟು, ಅವರು ತೆಗೆದದ್ದೇ ಓಟಿ, ಅಂದರೆ ಒಣಕಾಯಿಯಲ್ಲಿ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ. ಎರಡು ವರ್ಷ ಹಾಗೇ ನಡೆಯಿತು. ಆಗ ಮನೆಗೆ ಉಪ್ಪು, ಸಕ್ಕರೆ, ಸೀಮೆಎಣ್ಣೆ ಬಂದದ್ದು ಅಮ್ಮನ ಕೋಳಿಮೊಟ್ಟೆಯ ದುಡ್ಡಿನಲ್ಲಿ. ಅಪ್ಪ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ, ಅದು ಬೇರೆ ಮಾತು.

ಆದ್ದರಿಂದ ಮೊದಲ ಕೆಲಸ ಅಡುಗೆಮನೆಯಲ್ಲಿ ಅಲ್ಲ. ಕೈಸಾಲ, ಅಡ್ವಾನ್ಸ್, ಅಡವಿಟ್ಟ ಚಿನ್ನ ಏನಾದರೂ ಇದ್ದರೆ ರೇಟು ಇರುವಾಗಲೇ ತೀರಿಸಿಬಿಡಿ. ಸಹಕಾರ ಸಂಘದ ಬೆಳೆಸಾಲ ಬೇಡ ಅನ್ನುವುದಿಲ್ಲ. ನಮ್ಮ ರಾಜ್ಯದಲ್ಲಿ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 2023–24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದಾರೆ. ಆದರೆ ವಾಯಿದೆ ತಪ್ಪಿದರೆ ಬಡ್ಡಿ ಬೀಳುತ್ತದೆ. ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಇನ್ನೊಂದು ಮಾತು. ಬ್ಯಾಂಕು ಮುಳುಗಿದರೆ ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. 2020ಕ್ಕೆ ಮೊದಲು ಅದು ಬರೀ 1 ಲಕ್ಷ ಇತ್ತು. ಊರಿನ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿಟ್ಟ ಠೇವಣಿಗೆ ಈ ವಿಮೆ ಇಲ್ಲ. ಬಡ್ಡಿ ಸ್ವಲ್ಪ ಜಾಸ್ತಿ ಅಂತ ಇರುವುದನ್ನೆಲ್ಲ ಅಲ್ಲೇ ಇಡಬೇಡಿ. ನಮ್ಮ ಸಂಘದವರಿಗೆ ಇದನ್ನು ಓದಿ ಸಿಟ್ಟು ಬರಬಹುದು. ಬರಲಿ.

ಮೆಣಸನ್ನು ಮಾರಬೇಕಾ ಇಡಬೇಕಾ ಎಂದೂ ಕೇಳಿದ್ದೀರಿ. ಚೆನ್ನಾಗಿ ಒಣಗಿಸಿ, ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಟ್ಟರೆ ಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ರೇಟು ಏರಲಿ ಅಂತ ಕಾಯುತ್ತಾ ಕೂತವರ ಕಥೆ ಗೊತ್ತಲ್ಲ. 2015ರ ಹೊತ್ತಿಗೆ ಕಿಲೋಗೆ 600 ರೂಪಾಯಿ ದಾಟಿದ್ದ ಮೆಣಸು 2019ರಲ್ಲಿ ಅದರ ಅರ್ಧಕ್ಕೆ ಇಳಿದಿತ್ತು. ನಾನಾದರೆ ಅರ್ಧ ಮಾರುತ್ತೇನೆ. ಉಳಿದದ್ದನ್ನು ಆಗಸ್ಟ್‌ಗೊಂದು ಚೀಲ, ಅಕ್ಟೋಬರ್‌ಗೊಂದು ಚೀಲ ಅಂತ ತಿಂಗಳ ಹೆಸರಿನಲ್ಲಿ ಇಡುತ್ತೇನೆ. ಆ ತಿಂಗಳು ಬಂದಾಗ ರೇಟು ಎಷ್ಟೇ ಇರಲಿ, ಮಾರಿ ಮನೆ ನಡೆಸುವುದು.

ಈಗ ಗದ್ದೆ. ಐದು ಜನಕ್ಕೆ ದಿನಕ್ಕೆ ಒಂದೂವರೆ ಕಿಲೋ ಅಕ್ಕಿ ಹಿಡಿಯಿರಿ. ವರ್ಷಕ್ಕೆ ಸುಮಾರು 550 ಕಿಲೋ. ನೂರು ಕಿಲೋ ಭತ್ತಕ್ಕೆ ಅರವತ್ತೈದು ಕಿಲೋ ಅಕ್ಕಿ ಅಂದರೂ ಎಂಟೂವರೆ ಕ್ವಿಂಟಾಲ್ ಭತ್ತ ಸಾಕು. ಎಕರೆಗೆ ಹದಿನೈದು ಕ್ವಿಂಟಾಲ್ ಬಂದರೆ ಅರ್ಧ ಎಕರೆಗಿಂತ ಸ್ವಲ್ಪ ಜಾಸ್ತಿ ಜಾಗ. ನಿಮ್ಮ ಹತ್ತಿರ ಅದು ಇದೆ. ಕೂಲಿ, ಟಿಲ್ಲರ್ ಬಾಡಿಗೆ ಎಲ್ಲ ಕೂಡಿಸಿದರೆ ಅಂಗಡಿ ಅಕ್ಕಿಯೇ ಅಗ್ಗ ಅನ್ನುತ್ತಾರೆ ಯಜಮಾನರು. ಕಾಗದದ ಮೇಲೆ ಅವರು ಹೇಳಿದ್ದು ಸರಿ. ಆದರೆ ಆ ಕಾಗದದಲ್ಲಿ ಎರಡು ಹಸುವಿನ ಹುಲ್ಲು ಇಲ್ಲ. ಬಾವಿಯ ನೀರು ಇಲ್ಲ. ಆರು ವರ್ಷದಿಂದ ಬೇಸಿಗೆಯಲ್ಲಿ ಬಾವಿ ಬೇಗ ತಳ ಕಾಣುತ್ತಿದೆ ಎಂದು ನೀವೇ ಬರೆದಿದ್ದೀರಿ. ಗದ್ದೆಯಲ್ಲಿ ನೀರು ನಿಲ್ಲದೇ ಇರುವುದೂ ಅದಕ್ಕೆ ಕಾರಣ ಇರಬಹುದು, ಅಲ್ವಾ?

ಅಕ್ಕಪಕ್ಕದ ಎರಡು ಮನೆಯವರು ಮುಯ್ಯಾಳಿಗೆ, ಅಂದರೆ ಕೂಲಿಯಿಲ್ಲದೆ ಒಬ್ಬರ ಗದ್ದೆಗೆ ಇನ್ನೊಬ್ಬರು ಬಂದು ಕೆಲಸ ಮಾಡುವುದಕ್ಕೆ, ಒಪ್ಪಿದರೆ ನಾಟಿಯ ಖರ್ಚು ತುಂಬಾ ಇಳಿಯುತ್ತದೆ. ಆನೆ ಓಡಾಡುವ ಜಾಗವಾದರೆ ಮಾತ್ರ ನಾನು ಒತ್ತಾಯ ಮಾಡುವುದಿಲ್ಲ. ಹಾಲುಗಟ್ಟಿದ ಭತ್ತವನ್ನು ಒಂದು ರಾತ್ರಿಯಲ್ಲಿ ಮುಗಿಸಿಬಿಡುತ್ತವೆ. ಆಗ ಸುಗ್ಗಿಹಬ್ಬ ಹುತ್ತರಿ ಕಳೆದ ಮೇಲೆ ಬೆಳೆದವರಿಂದಲೇ ಒಂಬತ್ತು ಕ್ವಿಂಟಾಲ್ ಭತ್ತ ಕೊಂಡು, ಕುರ್ಚಿ ಹೊರಗೆ ಹಾಕಿ ಪತ್ತಾಯ ತುಂಬಿಸಿ. ಅಕ್ಕಿಗೆ ಹುಳ ಬೇಗ ಬೀಳುತ್ತದೆ, ಒಣಗಿದ ಭತ್ತ ತಡೆಯುತ್ತದೆ. ಬೇಕಾದಾಗ ಒಂದೊಂದು ಚೀಲ ಮಿಲ್ಲಿಗೆ.

ಶುಂಠಿಗೆ ನನ್ನ ಮತ ಇಲ್ಲ. ಗುತ್ತಿಗೆ ಹಣ ಒಂದೇ ಸಲ ಕೈಗೆ ಬರುತ್ತದೆ, ನಿಜ. ಆದರೆ ನೀರು ನಿಲ್ಲಬಾರದು ಅಂತ ಬದು ಒಡೆದು ಚರಂಡಿ ತೆಗೆಯುತ್ತಾರೆ. ಕೊಳೆರೋಗಕ್ಕೆ ಹೊಡೆಯುವ ಔಷಧಿ ನಿಮ್ಮ ಬಾವಿಯ ಪಕ್ಕದಲ್ಲೇ. ಅವರು ಹೋದ ಮೇಲೆ ಅದನ್ನು ಮತ್ತೆ ಗದ್ದೆ ಮಾಡುವ ಖರ್ಚು ನಿಮ್ಮದು.

ಅಡುಗೆಮನೆಯ ಬಗ್ಗೆ ನನಗಿಂತ ನಿಮ್ಮ ಅತ್ತೆಯವರನ್ನು ಕೇಳಿ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಅಡುಗೆಗೆ ಹುಳಿ ಕೊಡುವ ಕಾಚಂಪುಳಿ, ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿದ ಮಾಂಸ, ಕೆಸು. ನಾನು ತಿನ್ನುವವನು, ಮಾಡುವವನಲ್ಲ. ಗೋಬರ್ ಗ್ಯಾಸ್ ಮಾಡಿಸುವುದಾದರೆ ದೊಡ್ಡದು ಬೇಡ. 2 ಘನ ಮೀಟರಿನದಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಅಂದರೆ ನಾಲ್ಕೈದು ಹಸು. ನಿಮ್ಮ ಎರಡಕ್ಕೆ 1 ಘನ ಮೀಟರಿನದೇ ಸರಿ. ಉಳಿದದ್ದಕ್ಕೆ ಮರಗಸಿಯ, ಅಂದರೆ ತೋಟದ ನೆರಳಿನ ಮರದ ಕೊಂಬೆ ಕಡಿದಾಗ ಸಿಗುವ, ಸೌದೆ ಇದ್ದೇ ಇದೆ. ಮಳೆಗೆ ಮೊದಲು ಸೂರಿನೊಳಗೆ ಪೇರಿಸಿಡಿ.

ಮನೆಯ ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇದೆಯಾ ಎಂಬುದನ್ನು ನೀವು ಬರೆದಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಬರೆ ಕುಸಿದಾಗ ಅಕ್ಕಿ ಇದ್ದ ಮನೆ, ಇಲ್ಲದ ಮನೆ ಎಲ್ಲವೂ ಒಂದೇ ಆಯಿತು. ಬರೆ ಇದ್ದರೆ ಭತ್ತವನ್ನೆಲ್ಲ ಒಂದೇ ಕಡೆ ತುಂಬಬೇಡಿ. ಎರಡು ಚೀಲ ತವರಿನಲ್ಲೋ ನೆಂಟರ ಮನೆಯಲ್ಲೋ ಇರಲಿ. ಆರ್‌ಟಿಸಿ, ಪಾಸ್‌ಬುಕ್, ಮಕ್ಕಳ ಸರ್ಟಿಫಿಕೇಟಿನ ನಕಲು ಕೂಡ ಅಲ್ಲೇ ಇರಲಿ. ಜೋರು ಮಳೆ ಬಂದರೆ ಅತ್ತೆಯವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬುದನ್ನು ಮೇ ತಿಂಗಳಲ್ಲೇ ಮಾತಾಡಿಡಿ.