ಕಾಲೇಜು ಕ್ರೀಡೆಯ ಊರಿನಲ್ಲಿ ವೃತ್ತಿಪರ ಸಾಕರ್ ತಂಡ ನಿಂತೀತೇ?

ಪ್ರಶ್ನೆ: ನಾವು ಮೂಲತಃ ದಾವಣಗೆರೆಯವರು, ಹಲವು ವರ್ಷಗಳಿಂದ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರದಲ್ಲಿದ್ದೇವೆ. ಇಲ್ಲಿ ವಿಶ್ವವಿದ್ಯಾಲಯದ ತಂಡವೆಂದರೆ ಜನ ಪ್ರಾಣ ಬಿಡುತ್ತಾರೆ. ಶನಿವಾರ ಅಮೆರಿಕನ್ ಫುಟ್‌ಬಾಲ್ ಪಂದ್ಯವಿದ್ದರೆ ಊರಿಗೆ ಊರೇ ಕೆಂಪು ಬಟ್ಟೆ ತೊಡುತ್ತದೆ. ನನ್ನ ಮಗಳು ಶಾಲೆಯಲ್ಲಿ ಸಾಕರ್ (ನಮ್ಮ ಕಡೆ ಫುಟ್‌ಬಾಲ್ ಎನ್ನುವ ಆಟ) ಆಡುತ್ತಾಳೆ. ಅವಳಿಗೆ ವೃತ್ತಿಪರ ಪಂದ್ಯ ತೋರಿಸಬೇಕೆಂದರೆ ಒಮಾಹಾದವರೆಗೆ ಒಂದು ಗಂಟೆ ಕಾರು ಓಡಿಸಬೇಕು. ಸುಮಾರು ಮೂರು ಲಕ್ಷ ಜನರಿರುವ ನಮ್ಮೂರು ಸಣ್ಣ ಲೀಗಿನ ಒಂದು ತಂಡವನ್ನು ಸಾಕಲಾರದೇ? ಗೆಳೆಯರು ಕೆಲವರು ಸೇರಿ ಹಣ ಹಾಕುವ ಮಾತನ್ನೂ ಆಡುತ್ತಿದ್ದಾರೆ.
– ಒಬ್ಬ ಓದುಗರು, ಲಿಂಕನ್

ಉತ್ತರ: ಸಾಕಬಲ್ಲದು. ಎರಡನೆಯ ದರ್ಜೆಯ ತಂಡವನ್ನಲ್ಲ, ಮೂರನೆಯ ದರ್ಜೆಯದನ್ನು. ಆದರೆ ಊರೊಳಗೆ ನಾಲ್ಕೈದು ಸಾವಿರ ಜನ ಕೂರುವ, ತಂಡದ ಹಿಡಿತದಲ್ಲೇ ಇರುವ ಮೈದಾನವೊಂದು ಖಚಿತವಾಗುವವರೆಗೆ ನೀವಾಗಲೀ ನಿಮ್ಮ ಗೆಳೆಯರಾಗಲೀ ಒಂದು ಡಾಲರನ್ನೂ ಹಾಕಬೇಡಿ.

ಇಂಥ ಊರುಗಳ ಬಗ್ಗೆ ಮಾತು ಬಂದಾಗಲೆಲ್ಲ ಲೆಕ್ಕ ಶುರುವಾಗುವುದು ದೊಡ್ಡ ಕ್ರೀಡಾಂಗಣದಿಂದಲೇ. ನಿಮ್ಮೂರಿನ ಮೆಮೋರಿಯಲ್ ಸ್ಟೇಡಿಯಂನಲ್ಲಿ 1962ರಿಂದ ಈಚೆಗೆ ತವರಿನ ಒಂದೇ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕೂ ಟಿಕೆಟ್ ಉಳಿದಿಲ್ಲ. ಒಂದೊಂದು ಪಂದ್ಯಕ್ಕೆ ಎಂಬತ್ತು ಸಾವಿರದ ಮೇಲೆ ಜನ. ಅದರಲ್ಲಿ ನೂರಕ್ಕೆ ಐದು ಮಂದಿ ಸಾಕರ್‌ಗೆ ಬಂದರೂ ಸಾಕಲ್ಲ ಎಂದು ಅನ್ನಿಸುವುದು ಸಹಜ. ಈ ಲೆಕ್ಕವನ್ನು ನಾನು ನಂಬುವುದಿಲ್ಲ. ಆ ಎಂಬತ್ತು ಸಾವಿರದಲ್ಲಿ ಲಿಂಕನ್‌ನವರೆಷ್ಟು? ರಾಜ್ಯದ ಮೂಲೆಮೂಲೆಯಿಂದ ನಾಲ್ಕೈದು ಗಂಟೆ ಕಾರು ಓಡಿಸಿಕೊಂಡು ಬರುವವರಿದ್ದಾರೆ. ವರ್ಷಕ್ಕೆ ಏಳೆಂಟು ಶನಿವಾರ ಬರುತ್ತಾರೆ, ಅಜ್ಜನ ಕಾಲದಿಂದ ಮನೆತನಕ್ಕೆ ಬಂದ ಸೀಟಿನಲ್ಲಿ ಕೂರುತ್ತಾರೆ. ಅದು ತಮ್ಮ ರಾಜ್ಯದ ಮೇಲಿನ ನಿಷ್ಠೆ. ಮಂಗಳವಾರ ರಾತ್ರಿ ಇನ್ನೊಂದು ಆಟ ನೋಡಲು ಅವರಾರೂ ಬರುವುದಿಲ್ಲ.

ನಿಮ್ಮೂರಿನಿಂದಲೇ ಕಲಿಯಬೇಕಾದ ಪಾಠ ಬೇರೊಂದಿದೆ, ಅದು ವಾಲಿಬಾಲಿನದು. 2023ರ ಆಗಸ್ಟ್ 30ರಂದು ನೆಬ್ರಾಸ್ಕಾದ ಮಹಿಳಾ ವಾಲಿಬಾಲ್ ತಂಡದ ಪಂದ್ಯಕ್ಕೆ ಅದೇ ಮೆಮೋರಿಯಲ್ ಸ್ಟೇಡಿಯಂನಲ್ಲಿ 92,003 ಜನ ಸೇರಿದರು. ಜಗತ್ತೇ ಹುಬ್ಬೇರಿಸಿದ ಸಂಖ್ಯೆ ಅದು. ಅದರ ಹಿಂದಿನ ಕತೆಯನ್ನು ಗಮನಿಸಿ. ಆ ತಂಡ ಬಹುಕಾಲ ಆಡಿದ್ದು ಕೊಲಿಸಿಯಂ ಎಂಬ ಹಳೆಯ ಒಳಾಂಗಣದಲ್ಲಿ. ಸುಮಾರು ನಾಲ್ಕು ಸಾವಿರ ಜನ ಹಿಡಿಸುವ ಜಾಗ. 2001ರಿಂದ ಅಲ್ಲಿ ಪ್ರತಿ ಪಂದ್ಯದ ಟಿಕೆಟೂ ಖಾಲಿಯಾಗತೊಡಗಿತು. ಸೀಟು ಸಿಗುವುದಿಲ್ಲ ಎಂಬ ಮಾತೇ ಬೇಡಿಕೆ ಹುಟ್ಟಿಸಿತು. 2013ರಲ್ಲಿ ಎಂಟು ಸಾವಿರದ ಡೆವೇನಿ ಸೆಂಟರ್‌ಗೆ ಹೋದಾಗ ಅದೂ ತುಂಬಿತು. ಇದೇ ತಂಡವನ್ನು ಮೊದಲ ದಿನವೇ ದೊಡ್ಡ ಅಂಗಳದಲ್ಲಿ ನಿಲ್ಲಿಸಿದ್ದರೆ ಅಷ್ಟೇ ಜನ ಅಲ್ಲಲ್ಲಿ ಚದುರಿ ಕುಳಿತಿರುತ್ತಿದ್ದರು, ಮುಂದಿನ ವಾರ ಅವರಲ್ಲಿ ಅರ್ಧ ಮಂದಿ ಬರುತ್ತಿರಲಿಲ್ಲ.

ಸಾಕರ್‌ನಲ್ಲಿ ಇದನ್ನು ಎತ್ತಿ ತೋರಿಸಿದ ಊರು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್. ಅದೂ ನಿಮ್ಮೂರಿನಂತೆ ರಾಜ್ಯದ ರಾಜಧಾನಿ, ದೊಡ್ಡ ವಿಶ್ವವಿದ್ಯಾಲಯದ ನೆಲೆ, 2020ರ ಜನಗಣತಿಯಲ್ಲಿ 2.7 ಲಕ್ಷ ಜನ. ಯುಎಸ್‌ಎಲ್ (ಯುನೈಟೆಡ್ ಸಾಕರ್ ಲೀಗ್) ಸಂಸ್ಥೆಯ ಲೀಗ್ ಒನ್ ಎಂಬ ಮೂರನೆಯ ದರ್ಜೆಯ ಲೀಗ್ 2019ರಲ್ಲಿ ಆರಂಭವಾದಾಗ ಫಾರ್ವರ್ಡ್ ಮ್ಯಾಡಿಸನ್ ತಂಡ ಕಣಕ್ಕಿಳಿಯಿತು. ಆಡಿದ್ದು ಬ್ರೀಸ್ ಸ್ಟೀವನ್ಸ್ ಫೀಲ್ಡ್‌ನಲ್ಲಿ. ನಗರಸಭೆಗೆ ಸೇರಿದ, 1920ರ ದಶಕದ ಮೈದಾನ ಅದು. ಸುತ್ತ ಮರಳುಗಲ್ಲಿನ ಹಳೆಯ ಗೋಡೆ, ಗೋಡೆಯಾಚೆ ಮನೆಗಳು, ಅಂಗಡಿಗಳು, ಬಸ್ಸು ಓಡಾಡುವ ಮುಖ್ಯರಸ್ತೆ. ಹಿಡಿಸುವುದು ಐದು ಸಾವಿರ ಜನ. ಮೊದಲ ವರ್ಷವೇ ಸರಾಸರಿ ನಾಲ್ಕು ಸಾವಿರದ ಮೇಲೆ ಬಂದರು.

ಆ ತಂಡದ ಲಾಂಛನದಲ್ಲಿರುವುದು ಫ್ಲೆಮಿಂಗೊ ಹಕ್ಕಿ. 1979ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಚೇಷ್ಟೆಗೆಂದು ವಿಶ್ವವಿದ್ಯಾಲಯದ ಬ್ಯಾಸ್ಕಮ್ ಹಿಲ್ ಗುಡ್ಡದ ಹುಲ್ಲಿನಲ್ಲಿ 1,008 ಗುಲಾಬಿ ಪ್ಲಾಸ್ಟಿಕ್ ಫ್ಲೆಮಿಂಗೊಗಳನ್ನು ನೆಟ್ಟಿದ್ದರು. 2009ರಲ್ಲಿ ನಗರಸಭೆ ಪ್ಲಾಸ್ಟಿಕ್ ಫ್ಲೆಮಿಂಗೊವನ್ನೇ ಊರಿನ ಅಧಿಕೃತ ಪಕ್ಷಿಯೆಂದು ಘೋಷಿಸಿತು. ಸಾಕರ್ ತಂಡ ಈ ನೆನಪನ್ನು ಎತ್ತಿಕೊಂಡಿತು. ವಿಶ್ವವಿದ್ಯಾಲಯದ ಕೆಂಪು ಬಣ್ಣವನ್ನೂ ಅದರ ಗುರುತಾದ ಬ್ಯಾಜರ್ ಪ್ರಾಣಿಯನ್ನೂ ಮುಟ್ಟಲಿಲ್ಲ, ಆದರೆ ವಿಶ್ವವಿದ್ಯಾಲಯದ ಕತೆಯೊಂದನ್ನು ಊರಿನ ಸ್ವತ್ತಾಗಿ ಮಾಡಿಕೊಂಡಿತು. ಕಾಲೇಜಿನ ಊರಿನಲ್ಲಿ ತಂಡ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ನಾನು ಕಂಡಿಲ್ಲ.

ಅದೇ 2019ರಲ್ಲಿ, ಅದೇ ಲೀಗಿನಲ್ಲಿ, ಮಿಷಿಗನ್ ರಾಜ್ಯದ ರಾಜಧಾನಿ ಲ್ಯಾನ್ಸಿಂಗ್‌ನಲ್ಲೂ ಒಂದು ತಂಡ ಹುಟ್ಟಿತು. ಪಕ್ಕದ ಈಸ್ಟ್ ಲ್ಯಾನ್ಸಿಂಗ್‌ನಲ್ಲೇ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ. ಲ್ಯಾನ್ಸಿಂಗ್ ಇಗ್ನೈಟ್ ಎಂಬ ಆ ತಂಡ ಲೀಗಿನ ಪಟ್ಟಿಯಲ್ಲಿ ಎರಡನೆಯ ಸ್ಥಾನ ಗಳಿಸಿತು. ಮ್ಯಾಡಿಸನ್ ನಾಲ್ಕನೆಯದು. ಒಂದೇ ಋತುವಿಗೆ ಬಾಗಿಲು ಮುಚ್ಚಿದ್ದು ಮಾತ್ರ ಲ್ಯಾನ್ಸಿಂಗ್. ಅವರು ಆಡುತ್ತಿದ್ದುದು ಬೇಸ್‌ಬಾಲ್ ಅಂಗಳದಲ್ಲಿ. ಬೇಸ್‌ಬಾಲಿಗೆಂದು ಕಟ್ಟಿದ ಗ್ಯಾಲರಿ ಮೂಲೆಯೊಂದನ್ನು ನೋಡುವಂತಿರುತ್ತದೆ, ಸಾಕರ್ ಆಟ ಅಲ್ಲಿಂದ ದೂರ ಉಳಿಯುತ್ತದೆ. ಗೆದ್ದರೆ ಜನ ತಾವಾಗಿ ಬರುತ್ತಾರೆ ಎಂಬ ನಂಬಿಕೆ ಈ ದರ್ಜೆಯಲ್ಲಿ ನಡೆಯುವುದಿಲ್ಲ. ಅರಿಜೋನಾ ವಿಶ್ವವಿದ್ಯಾಲಯದ ಊರಾದ ಟೂಸಾನ್ ನಿಮ್ಮೂರಿಗಿಂತ ಬಹಳ ದೊಡ್ಡದು, ಐದು ಲಕ್ಷದ ಮೇಲೆ ಜನ. ಅಲ್ಲಿನ ಎಫ್‌ಸಿ ಟೂಸಾನ್ ನಾಲ್ಕು ಋತು ಲೀಗ್ ಒನ್‌ನಲ್ಲಿ ಆಡಿ, 2023ಕ್ಕೆ ವೃತ್ತಿಪರವಲ್ಲದ ಲೀಗ್ ಟೂಗೆ ಇಳಿಯಿತು.

ಈಗ ಲಿಂಕನ್‌ನಲ್ಲಿ ಎಲ್ಲಿ ಆಡುವುದು? ಹೇಮಾರ್ಕೆಟ್ ಪಾರ್ಕ್ ಕಣ್ಣೆದುರಿಗಿದೆ, ಊರ ನಡುವೆಯೇ ಇದೆ. ಆದರೆ ಅದು ಬೇಸ್‌ಬಾಲ್ ಅಂಗಳ. ವಸಂತದಲ್ಲಿ ವಿಶ್ವವಿದ್ಯಾಲಯದ ತಂಡ, ಬೇಸಿಗೆಯಲ್ಲಿ ಸಾಲ್ಟ್‌ಡಾಗ್ಸ್ ತಂಡ ಅಲ್ಲಿ ಆಡುತ್ತವೆ. ಮೂರನೆಯವರಿಗೆ ಉಳಿಯುವುದು ಯಾರಿಗೂ ಬೇಡವಾದ ದಿನಗಳು. ಮಹಿಳಾ ಸಾಕರ್ ತಂಡ ಆಡುವ ಹಿಬ್ನರ್ ಸ್ಟೇಡಿಯಂ ಅಳತೆಯಲ್ಲಿ ಚೊಕ್ಕವಾಗಿದೆ, ಆರಂಭಕ್ಕೆ ಆದೀತು. ಆದರೆ ವಿಶ್ವವಿದ್ಯಾಲಯದ ಮೈದಾನದಲ್ಲಿ ದಿನಾಂಕ, ಜಾಹೀರಾತು ಫಲಕ, ತಿಂಡಿ ಅಂಗಡಿ, ಬಿಯರ್ ಮಾರಾಟ ಎಲ್ಲವೂ ಇನ್ನೊಬ್ಬರ ಒಪ್ಪಿಗೆಯ ಮೇಲೆ ನಿಂತಿರುತ್ತವೆ.

ಅದೇಕೆ ಅಷ್ಟು ಮುಖ್ಯ ಎನ್ನುವುದಕ್ಕೆ ಒಂದು ಊಹೆಯ ಲೆಕ್ಕ ಹಾಕಿ ನೋಡೋಣ. ತವರಿನಲ್ಲಿ ಹದಿನೈದು ಪಂದ್ಯ, ಪ್ರತಿ ಪಂದ್ಯಕ್ಕೆ 3,000 ಜನ, ಟಿಕೆಟಿಗೆ ಸರಾಸರಿ 15 ಡಾಲರ್ ಎಂದುಕೊಂಡರೆ ವರ್ಷಕ್ಕೆ 6,75,000 ಡಾಲರ್ ಆಯಿತು. ಇಪ್ಪತ್ತಕ್ಕೂ ಹೆಚ್ಚು ಆಟಗಾರರ ಸಂಬಳ, ವಸತಿ, ತರಬೇತುದಾರರು, ವೈದ್ಯರು, ಕಚೇರಿ ಸಿಬ್ಬಂದಿ, ವಿಮೆ, ವಿಮಾನ ಪ್ರಯಾಣ ಇಷ್ಟಕ್ಕೂ ಅದು ಸಾಲದು. ಲೀಗ್ ಒನ್ ಪೂರ್ವದ ಮೇನ್ ರಾಜ್ಯದಿಂದ ಪಶ್ಚಿಮದ ವಾಷಿಂಗ್ಟನ್ ರಾಜ್ಯದವರೆಗೆ ಹರಡಿದೆ. ದೂರದರ್ಶನದ ಹಣ ಈ ಮಟ್ಟದಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ಉಳಿದದ್ದು ತುಂಬಬೇಕಾದವರು ಪ್ರಾಯೋಜಕರು, ಮತ್ತು ಅಂಗಳದೊಳಗೆ ಜನ ತಿಂದು ಕುಡಿದು ಖರ್ಚು ಮಾಡುವ ಹಣ. ಆ ಎರಡನೆಯದು ಮೈದಾನದ ಮಾಲೀಕರ ಪಾಲಾದರೆ ತಂಡಕ್ಕೆ ಉಸಿರಾಡುವುದೇ ಕಷ್ಟ.

ಪ್ರಾಯೋಜಕರ ವಿಷಯದಲ್ಲಿ ಕಾಲೇಜಿನ ಊರುಗಳ ಸ್ಥಿತಿ ಈಚೆಗೆ ಬಿಗಿಯಾಗಿದೆ, ಇದನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖಗಳನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯಬಹುದು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ಹಣ ಹಂಚಬಹುದು, ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್. ಈ ಹಣ ಹೊಂದಿಸಲು ವಿಶ್ವವಿದ್ಯಾಲಯದವರು ಬಾಗಿಲು ತಟ್ಟುವುದು ಯಾರದು? ಊರಿನ ಕಾರು ಮಾರಾಟಗಾರರು, ಬ್ಯಾಂಕುಗಳು, ವಿಮಾ ಕಂಪನಿಗಳು, ಆಸ್ಪತ್ರೆಗಳದು. ಸಾಕರ್ ತಂಡವೂ ಹೋಗಬೇಕಾದದ್ದು ಅವರ ಬಳಿಗೇ. ಹಾಗಾಗಿ ವಿಶ್ವವಿದ್ಯಾಲಯವನ್ನು ಎದುರು ಹಾಕಿಕೊಂಡು ಇಂಥ ಊರಿನಲ್ಲಿ ಯಾರೂ ತಂಡ ನಡೆಸಲಾರರು.

ಇದನ್ನು ಚೆನ್ನಾಗಿ ನಿಭಾಯಿಸಿದ ಊರು ಟೆನೆಸೀ ರಾಜ್ಯದ ನಾಕ್ಸ್‌ವಿಲ್. ಅಲ್ಲಿನ ನೇಲಂಡ್ ಸ್ಟೇಡಿಯಂನಲ್ಲಿ ಲಕ್ಷ ಜನ ಕೂರುತ್ತಾರೆ, ಊರಿನ ಜನಸಂಖ್ಯೆಯೇ 1.9 ಲಕ್ಷ. ವನ್ ನಾಕ್ಸ್‌ವಿಲ್ ತಂಡ 2022ರಲ್ಲಿ ಲೀಗ್ ಟೂನಲ್ಲಿ ಕಾಲಿಟ್ಟು ನಾಡಿ ನೋಡಿತು, 2023ರಲ್ಲಿ ಲೀಗ್ ಒನ್‌ಗೆ ಬಂತು. ಎರಡು ಋತು ವಿಶ್ವವಿದ್ಯಾಲಯದ ಸಾಕರ್ ಮೈದಾನದಲ್ಲೇ ಆಡಿತು, 2025ರಲ್ಲಿ ಊರ ನಡುವೆ ಕಟ್ಟಿದ ಹೊಸ ಅಂಗಳಕ್ಕೆ ಹೋಯಿತು. ಬೇಸ್‌ಬಾಲ್ ತಂಡದೊಡನೆ ಹಂಚಿಕೊಂಡದ್ದೇನೋ ಹೌದು, ಆದರೆ ಕಟ್ಟುವಾಗಲೇ ಎರಡೂ ಆಟಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆ ಯೋಜನೆಯ ಬೆನ್ನಿಗೆ ನಿಂತ ಬೇಸ್‌ಬಾಲ್ ತಂಡದ ಮಾಲೀಕ ರ‍್ಯಾಂಡಿ ಬಾಯ್ಡ್ ಟೆನೆಸೀ ವಿಶ್ವವಿದ್ಯಾಲಯ ವ್ಯವಸ್ಥೆಯ ಅಧ್ಯಕ್ಷರೂ ಹೌದು. ಹೊಸ ಅಂಗಳದ ಮೊದಲ ವರ್ಷವೇ ತಂಡ ಲೀಗ್ ಪ್ರಶಸ್ತಿ ಗೆದ್ದಿತು.

ನಿಮ್ಮ ಗೆಳೆಯರ ಹಣದ ಬಗ್ಗೆ ಹೇಳುತ್ತೇನೆ. ಅಮೆರಿಕದ ಸಾಕರ್ ಒಕ್ಕೂಟದ ನಿಯಮದಂತೆ ಮೂರನೆಯ ದರ್ಜೆಯ ತಂಡಕ್ಕೆ ಒಬ್ಬ ಪ್ರಧಾನ ಮಾಲೀಕ ಇರಬೇಕು. ಅವರ ಆಸ್ತಿ ಒಂದು ಕೋಟಿ ಡಾಲರ್‌ಗೆ ಕಡಿಮೆಯಿರಬಾರದು, ತಂಡದಲ್ಲಿ ಅವರ ಪಾಲು ನೂರಕ್ಕೆ ಮೂವತ್ತೈದಾದರೂ ಇರಬೇಕು. ಎರಡನೆಯ ದರ್ಜೆಗೆ ಈ ಆಸ್ತಿಮಿತಿ ಎರಡು ಕೋಟಿ. ಅಂಥವರೊಬ್ಬರು ಮುಂದೆ ನಿಲ್ಲದೆ ನೀವು ಹತ್ತು ಮಂದಿ ಸೇರಿ ಹಾಕಿದ ಹಣ ಕಾಗದಪತ್ರಕ್ಕೇ ಕರಗಿ ಹೋಗುತ್ತದೆ. ಅದರ ಬದಲು ಲೀಗ್ ಟೂ ತಂಡ ಕಟ್ಟುವವರ ಜೊತೆ ಸೇರಿ. ಮೇ ತಿಂಗಳಿಂದ ಜುಲೈವರೆಗಿನ ಪುಟ್ಟ ಋತು, ರಜೆಯಲ್ಲಿರುವ ಕಾಲೇಜು ಆಟಗಾರರು, ಅಕ್ಕಪಕ್ಕದ ಊರುಗಳಿಗೆ ಬಸ್ ಪ್ರಯಾಣ. ನೆಬ್ರಾಸ್ಕಾ ವಿಶ್ವವಿದ್ಯಾಲಯಕ್ಕೆ ಲಿಂಕನ್‌ನಲ್ಲಿ ಪುರುಷರ ಸಾಕರ್ ತಂಡವೇ ಇಲ್ಲ. ಆ ಜಾಗ ಖಾಲಿಯಿದೆ, ಯಾರೊಡನೆಯೂ ಜಗಳವಿಲ್ಲ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಊರಿನಲ್ಲಿ ಸಾವಿರದ ಐನೂರು ಮಂದಿ ದುಡ್ಡು ಕೊಟ್ಟು ಬರುತ್ತಾರೋ ಇಲ್ಲವೋ ಗೊತ್ತಾಗುತ್ತದೆ.

ಲಿಂಕನ್‌ಗೆ ಒಂದು ಬಲವಿದೆ, ಅದನ್ನು ಹೇಳದಿರಲಾರೆ. ಅಮೆರಿಕದಲ್ಲೇ ಅತಿ ದೊಡ್ಡ, ಇರಾಕ್ ಕಡೆಯಿಂದ ಬಂದ ಯಜೀದಿ ಸಮುದಾಯ ನೆಲೆಸಿರುವುದು ನಿಮ್ಮೂರಿನಲ್ಲಿ. ವಿಯೆಟ್ನಾಮಿನವರು, ಬರ್ಮಾದ ಕರೆನ್ ಜನ, ಲ್ಯಾಟಿನ್ ಅಮೆರಿಕದವರು, ಭಾರತೀಯರು ಇದ್ದಾರೆ. ಇವರಲ್ಲಿ ಬಹಳಷ್ಟು ಮಂದಿಗೆ ಮೆಮೋರಿಯಲ್ ಸ್ಟೇಡಿಯಂನಲ್ಲಿ ಅಜ್ಜನ ಸೀಟಿಲ್ಲ. ತಮ್ಮದೆನ್ನುವ ಊರಿನ ತಂಡಕ್ಕೆ ಮೊದಲು ಬರುವವರು ಇವರೇ. ಟಿಕೆಟ್ ಮಾರುವವರು ಅವರ ಭಾನುವಾರದ ಆಟಗಳಿಗೆ, ಹಬ್ಬಗಳಿಗೆ ತಾವೇ ನಡೆದು ಹೋಗಬೇಕು.

ಪ್ರಶ್ನೆ: ನನ್ನ ಮಗ ಅಂಥದೇ ಒಂದು ಊರಿನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಹತ್ತಾರು ಸಾವಿರ ವಿದ್ಯಾರ್ಥಿಗಳಿರುವಾಗ ಪ್ರೇಕ್ಷಕರಿಗೇನು ಬರ?
– ಒಬ್ಬ ಓದುಗರು, ಮೈಸೂರು

ಉತ್ತರ: ಲೀಗ್ ಒನ್ ನಡೆಯುವುದು ಮಾರ್ಚಿನಿಂದ ನವೆಂಬರ್‌ವರೆಗೆ. ಅದರ ಹೃದಯಭಾಗವೇ ಬೇಸಿಗೆ, ಆಗ ವಿದ್ಯಾರ್ಥಿಗಳು ಊರಲ್ಲಿರುವುದಿಲ್ಲ. ಆಗಸ್ಟ್ ಕೊನೆಯಲ್ಲಿ ಮರಳಿ ಬರುತ್ತಾರೆ, ಒಂದು ವಾರದಲ್ಲಿ ಫುಟ್‌ಬಾಲ್ ಶುರುವಾಗುತ್ತದೆ. ವಿದ್ಯಾರ್ಥಿಗಳನ್ನು ನೆಚ್ಚಿ ತಂಡ ಕಟ್ಟಬಾರದು. ವರ್ಷವಿಡೀ ಊರಲ್ಲೇ ಇರುವ ಸರ್ಕಾರಿ ನೌಕರರು, ಆಸ್ಪತ್ರೆ ಸಿಬ್ಬಂದಿ, ಸಾಕರ್ ಆಡುವ ಮಕ್ಕಳ ಅಪ್ಪ ಅಮ್ಮಂದಿರು, ಇವರೇ ಬೆನ್ನೆಲುಬು. ಬೇಸಿಗೆಯ ಸಂಜೆ ಫುಟ್‌ಬಾಲೂ ಇಲ್ಲದೆ, ಬಾಸ್ಕೆಟ್‌ಬಾಲೂ ಇಲ್ಲದೆ ಮನೆಯಲ್ಲಿ ಕುಳಿತವರು ಅವರು. ಶರತ್ಕಾಲದಲ್ಲಿ ವಿಶ್ವವಿದ್ಯಾಲಯದ ತಂಡ ತವರಿನಲ್ಲಿ ಆಡುವ ಶನಿವಾರ ಪಂದ್ಯ ಇಟ್ಟುಕೊಳ್ಳದೆ ಶುಕ್ರವಾರಕ್ಕೋ ಬುಧವಾರಕ್ಕೋ ಸರಿಸಿದರೆ ಸಾಕು.

ಪ್ರಶ್ನೆ: ಯುರೋಪಿನಂತೆ ಅಲ್ಲಿಯೂ ಗೆದ್ದ ತಂಡ ಮೇಲಿನ ದರ್ಜೆಗೆ ಏರುವ ಪದ್ಧತಿ ಬರಲಿದೆಯೆಂದು ಓದಿದೆ. ಸಣ್ಣ ಊರುಗಳಿಗೆ ಇದರಿಂದ ಒಳಿತೋ ಕೆಡುಕೋ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಯುಎಸ್‌ಎಲ್ ತಂಡಗಳ ಮಾಲೀಕರು 2025ರ ಮಾರ್ಚ್‌ನಲ್ಲಿ ಇದಕ್ಕೆ ಮತ ಹಾಕಿ ಒಪ್ಪಿದ್ದಾರೆ. ಪ್ರೇಕ್ಷಕನ ಮಟ್ಟಿಗೆ ಇದು ಒಳ್ಳೆಯದೇ, ಋತುವಿನ ಕೊನೆಯ ಪಂದ್ಯಕ್ಕೂ ಅರ್ಥ ಬರುತ್ತದೆ. ಮಾಲೀಕರು ಮಾತ್ರ ಮೊದಲೇ ಯೋಚಿಸಬೇಕು. ಮೂರನೆಯ ದರ್ಜೆಗೆ ಸಾವಿರ ಆಸನದ ಅಂಗಳವೂ ನಡೆಯುತ್ತದೆ, ಎರಡನೆಯದಕ್ಕೆ ಐದು ಸಾವಿರ, ಮೊದಲನೆಯದಕ್ಕೆ ಹದಿನೈದು ಸಾವಿರ ಬೇಕು. ಲಿಂಕನ್‌ನಂಥ ಊರು ಹದಿನೈದು ಸಾವಿರದ ಕನಸು ಕಾಣುವ ಅಗತ್ಯವಿಲ್ಲ. ಆದರೆ ನಾಲ್ಕು ಸಾವಿರ ಆಸನದ ಗ್ಯಾಲರಿ ಕಟ್ಟುವುದಾದರೆ, ಗೋಲಿನ ಹಿಂದಿನ ಎರಡೂ ಬದಿಯ ಜಾಗವನ್ನು ಪಾರ್ಕಿಂಗಿಗೆ ಕೊಟ್ಟುಬಿಡದೆ ಖಾಲಿ ಉಳಿಸಿಕೊಳ್ಳಬೇಕೆಂದು ನಗರಸಭೆಯ ನಕ್ಷೆಯಲ್ಲೇ ಬರೆಸಿಡಲಿ.